ಬೋಳುತಲೆಯವನ ಬೇಡಿಕೆ: ಕೂದಲ ಚಿಕಿತ್ಸೆಯ ಇತಿಹಾಸದಿಂದ ಕೆಲವು ಪಾಠಗಳು

ಮನುಷ್ಯನನ್ನು ಅತ್ಯುತ್ತಮ ರೂಪದಲ್ಲಿ ಸೃಷ್ಟಿಸಿರುವುದಾಗಿ ಪವಿತ್ರ ಕುರ್‌ಆನ್ ಸಾರುತ್ತದೆ. ಆ ರೂಪದಲ್ಲಿ ತಲೆಗೂದಲಿಗೂ ಒಂದು ಸ್ಥಾನವಿದೆ. ಕೂದಲುಳ್ಳವನು ಅದನ್ನು ಗೌರವದಿಂದ ಕಾಣಬೇಕು ಎಂಬ ಆಶಯದ ಪ್ರವಾದಿವಚನವನ್ನು ಇಮಾಮ್ ಅಬೂದಾವೂದ್ ತಮ್ಮ ಹದೀಸ್ ಸಂಗ್ರಹದಲ್ಲಿ ದಾಖಲಿಸಿದ್ದಾರೆ. ಕೂದಲನ್ನು ತೊಳೆಯುವುದು, ಎಣ್ಣೆ ಹಚ್ಚುವುದು, ಬಾಚುವುದು ಇವೆಲ್ಲ ಆ ಗೌರವದ ಭಾಗಗಳು. ಆದರೆ ಕೂದಲೇ ಉದುರಿಹೋದರೆ ಏನು ಮಾಡಬೇಕು? ಅದನ್ನು ಮರಳಿ ಪಡೆಯಲು ಯತ್ನಿಸುವುದು ಅಲ್ಲಾಹನ ತೀರ್ಮಾನದ ಕುರಿತ ಅತೃಪ್ತಿಯೇ, ಅಥವಾ ಇತರ ರೋಗಗಳಿಗೆ ಮದ್ದು ಹುಡುಕುವಂತೆ ಇದೂ ಒಂದು ಸಹಜ ಯತ್ನವೇ?

ಈ ಪ್ರಶ್ನೆಯನ್ನು ಇಂದು ಅನೇಕ ಯುವಕರು ಮನಸ್ಸಿನಲ್ಲೇ ಇಟ್ಟುಕೊಂಡು ಕೊರಗುತ್ತಿದ್ದಾರೆ. ಇಪ್ಪತ್ತೈದು ದಾಟುವ ಮೊದಲೇ ನೆತ್ತಿ ಬರಿದಾದ ತರುಣನಿಗೆ ಮದುವೆಯ ಮಾತುಕತೆಗಳು ಮುಜುಗರ ತರುತ್ತವೆ. ಹೆರಿಗೆಯ ಬಳಿಕ ಕೂದಲು ತೆಳುವಾದ ತಾಯಿ ಯಾರೊಡನೆಯೂ ಹೇಳಿಕೊಳ್ಳಲಾರಳು. ಹಿರಿಯರಲ್ಲಿ ಕೆಲವರು ಇದನ್ನು ಬರಿಯ ಷೋಕಿಯೆಂದು ಗದರಿ ಸುಮ್ಮನಾಗಿಸುತ್ತಾರೆ. ಆ ಮೌನದ ಲಾಭ ಪಡೆಯುವವರು ಮಾತ್ರ ಮಾರುಕಟ್ಟೆಯ ವ್ಯಾಪಾರಿಗಳು. ಹಾಗಾಗಿ ಈ ವಿಷಯದಲ್ಲಿ ನಮ್ಮ ಪರಂಪರೆ ಏನು ಹೇಳಿದೆ, ವೈದ್ಯಶಾಸ್ತ್ರ ಯಾವ ಹಾದಿಯಲ್ಲಿ ನಡೆದುಬಂದಿದೆ ಎಂಬುದನ್ನು ಒಟ್ಟಿಗೆ ಅವಲೋಕಿಸುವುದು ಉಚಿತ.

ಮೂವರ ಕಥೆ

ಬನೂ ಇಸ್ರಾಈಲರ ಮೂವರು ವ್ಯಕ್ತಿಗಳ ವೃತ್ತಾಂತವನ್ನು ಪ್ರವಾದಿ(ಸ)ರವರು ವಿವರಿಸಿದುದನ್ನು ಅಬೂಹುರೈರಾ(ರ) ವರದಿ ಮಾಡಿದ್ದಾರೆ. ಬುಖಾರಿ ಮತ್ತು ಮುಸ್ಲಿಮ್ ಎರಡೂ ಗ್ರಂಥಗಳಲ್ಲಿ ಅದು ಇದೆ. ಮೂವರಲ್ಲಿ ಒಬ್ಬ ತೊನ್ನಿನವನು, ಇನ್ನೊಬ್ಬ ಬೋಳುತಲೆಯವನು, ಮತ್ತೊಬ್ಬ ಅಂಧ. ಅಲ್ಲಾಹನು ಅವರನ್ನು ಪರೀಕ್ಷಿಸಲು ಒಬ್ಬ ದೇವಚರನನ್ನು ಕಳುಹಿಸುತ್ತಾನೆ. ನಿನಗೆ ಅತ್ಯಂತ ಪ್ರಿಯವಾದುದು ಯಾವುದೆಂದು ದೇವಚರನು ಬೋಳುತಲೆಯವನೊಡನೆ ಕೇಳುತ್ತಾನೆ. ಅವನು ಬೇಡುವುದು ಎರಡು ಸಂಗತಿಗಳನ್ನು: ಚೆಂದದ ಕೂದಲು, ಮತ್ತು ಜನರು ತನ್ನನ್ನು ಕಂಡು ಅಸಹ್ಯಪಡುವಂತೆ ಮಾಡಿರುವ ಈ ಸ್ಥಿತಿಯ ನಿವಾರಣೆ. ದೇವಚರನು ಅವನ ತಲೆಯನ್ನು ಸವರುತ್ತಾನೆ. ಕೂದಲು ಬರುತ್ತದೆ. ಬಳಿಕ ಅವನಿಷ್ಟದಂತೆ ಗರ್ಭ ಧರಿಸಿದ ಒಂದು ಹಸುವೂ ದೊರೆಯುತ್ತದೆ. ಅದು ಹಿಂಡಾಗಿ ಬೆಳೆದು ಅವನು ಶ್ರೀಮಂತನಾಗುತ್ತಾನೆ.

ಕಾಲಾಂತರದಲ್ಲಿ ಅದೇ ದೇವಚರನು ಬಡ ಪ್ರಯಾಣಿಕನ ವೇಷದಲ್ಲಿ ಬಂದು ಸಹಾಯ ಯಾಚಿಸುತ್ತಾನೆ. ಅವನು ಧರಿಸಿದ್ದುದು ಆ ಶ್ರೀಮಂತನ ಹಳೆಯ ರೂಪವನ್ನೇ. ಆದರೂ ಆ ಮನುಷ್ಯನಿಗೆ ತನ್ನ ಹಿಂದಿನ ದಿನಗಳು ನೆನಪಾಗಲಿಲ್ಲ. ಖರ್ಚುಗಳು ಬಹಳವೆಂದು ಹೇಳಿದ, ಸಂಪತ್ತು ಪೂರ್ವಜರಿಂದ ಬಂದುದೆಂದು ಸುಳ್ಳಾಡಿದ. ತೊನ್ನಿನವನೂ ಹೀಗೆಯೇ ನಡೆದುಕೊಂಡ. ಅಂಧನು ಮಾತ್ರ ತನಗೆ ದೃಷ್ಟಿ ನೀಡಿದವನನ್ನು ನೆನೆದು, ಬೇಕಾದಷ್ಟನ್ನು ಕೊಂಡೊಯ್ಯಲು ಹೇಳಿದ. ಅಲ್ಲಾಹನು ಅವನ ಬಗ್ಗೆ ಸಂತುಷ್ಟನಾದ, ಇನ್ನಿಬ್ಬರ ಮೇಲೆ ಕೋಪಗೊಂಡ.

ನಮ್ಮ ಮಜ್ಲಿಸ್‌ಗಳಲ್ಲಿ ಈ ಹದೀಸನ್ನು ಕೃತಜ್ಞತೆಯ ಪಾಠವಾಗಿ ಹೇಳುತ್ತಾರೆ. ಅದು ಸರಿಯೇ. ಆದರೆ ಅದರ ಮೊದಲ ಅರ್ಧವನ್ನೂ ಗಮನವಿಟ್ಟು ಓದಬೇಕು. ಕೂದಲು ಬೇಡಿದ್ದಕ್ಕಾಗಿ ಅವನನ್ನು ಯಾರೂ ನಿಂದಿಸಲಿಲ್ಲ. ಹೊಟ್ಟೆಗಿಲ್ಲದವರು ಇರುವಾಗ ನಿನಗೆ ಕೂದಲಿನ ಚಿಂತೆಯೇ ಎಂದು ದೇವಚರನು ಕೇಳಲಿಲ್ಲ. ಜನರ ಅಸಹ್ಯದ ನೋಟದಿಂದ ಅವನು ಅನುಭವಿಸಿದ ನೋವು ನಿಜವಾದ ನೋವೆಂದೇ ಪರಿಗಣಿತವಾಯಿತು. ಕಣ್ಣಿಲ್ಲದವನ ಬೇಡಿಕೆಯ ಪಕ್ಕದಲ್ಲೇ ಕೂದಲಿಲ್ಲದವನ ಬೇಡಿಕೆಗೂ ಸ್ಥಾನ ಸಿಕ್ಕಿತು. ಅವನು ಸೋತದ್ದು ಬೇಡಿದಾಗ ಅಲ್ಲ; ಪಡೆದ ಮೇಲೆ ಸುಳ್ಳಾಡಿದಾಗ.

ಎರಡು ಪದಗಳು

ಅರಬಿ ಭಾಷೆಯು ಬೋಳುತಲೆಗೆ ಎರಡು ಬೇರೆ ಬೇರೆ ಪದಗಳನ್ನು ಬಳಸುತ್ತದೆ. ನೆತ್ತಿಯ ರೋಗದಿಂದ ಕೂದಲು ಕಳಕೊಂಡವನು ‘ಅಕ್ರಅ್’. ವಯಸ್ಸಿನೊಂದಿಗೆ ಹಣೆಯ ಕಡೆಯಿಂದ ಕೂದಲು ಹಿಂಜರಿದವನು ‘ಅಸ್ಲಅ್’. ಮೇಲಿನ ಹದೀಸಿನಲ್ಲಿ ಬಂದಿರುವುದು ಮೊದಲನೆಯ ಪದ. ಎರಡನೆಯ ಪದವನ್ನು ಹುಡುಕಹೊರಟರೆ ನಾವು ತಲುಪುವುದು ಇಸ್ಲಾಮಿನ ಮಹಾನ್ ಖಲೀಫರೊಬ್ಬರ ಬಳಿಗೆ. ಉಮರ್(ರ) ಹಜರುಲ್ ಅಸ್ವದನ್ನು ಚುಂಬಿಸುತ್ತಿದ್ದುದನ್ನು ಕಂಡ ಅಬ್ದುಲ್ಲಾಹ್ ಬಿನ್ ಸರ್ಜಿಸ್(ರ), ಅವರನ್ನು ‘ಅಸ್ಲಅ್’ ಎಂದೇ ಗುರುತಿಸಿ ವರದಿ ಮಾಡಿದ್ದಾರೆ. ಸಹೀಹ್ ಮುಸ್ಲಿಮಿನಲ್ಲಿ ಈ ವರದಿಯಿದೆ. ಅಲಿ(ರ)ಯವರ ರೂಪವನ್ನು ವರ್ಣಿಸಿದ ಇತಿಹಾಸಕಾರರೂ ಅವರ ತಲೆಯ ಮುಂಭಾಗದಲ್ಲಿ ಕೂದಲಿರಲಿಲ್ಲವೆಂದು ಬರೆದಿದ್ದಾರೆ.

ಪರ್ಶಿಯಾದ ಸಾಮ್ರಾಜ್ಯವು ಯಾರ ಆಳ್ವಿಕೆಯಲ್ಲಿ ಕುಸಿಯಿತೋ ಆ ಉಮರ್(ರ)ರ ಗಾಂಭೀರ್ಯಕ್ಕೆ ಬರಿದಾದ ನೆತ್ತಿಯಿಂದ ಯಾವ ಕೊರತೆಯೂ ಆಗಲಿಲ್ಲ. ರೋಗದಿಂದ ಕೂದಲು ಕಳಕೊಂಡವನ ನೋವಿಗೆ ಮರುಗುವ ಪರಂಪರೆಯೇ, ಸಹಜವಾಗಿ ಕೂದಲು ಹಿಂಜರಿದವನನ್ನು ಯಾವ ಕೀಳರಿಮೆಯೂ ಇಲ್ಲದೆ ತನ್ನ ನಾಯಕನನ್ನಾಗಿ ಕಂಡಿತು. ಈ ಎರಡೂ ಧೋರಣೆಗಳು ಒಟ್ಟಿಗಿರಬೇಕು. ಒಂದನ್ನು ಬಿಟ್ಟರೆ ನಿಷ್ಠುರತೆ ಬರುತ್ತದೆ, ಇನ್ನೊಂದನ್ನು ಬಿಟ್ಟರೆ ಹತಾಶೆ ಬರುತ್ತದೆ.

ಅನ್ಸಾರಿ ವಧುವಿನ ಪ್ರಕರಣ

ಮದೀನಾದ ಅನ್ಸಾರಿಗಳ ಕುಟುಂಬವೊಂದರಲ್ಲಿ ನಡೆದ ಘಟನೆಯೊಂದು ಈ ವಿಷಯದ ಇನ್ನೊಂದು ಮಗ್ಗುಲನ್ನು ತೋರುತ್ತದೆ. ಆಗತಾನೇ ವಿವಾಹವಾಗಿದ್ದ ತರುಣಿಯೊಬ್ಬಳು ಕಾಯಿಲೆ ಬಿದ್ದು ಅವಳ ತಲೆಗೂದಲೆಲ್ಲ ಉದುರಿತು. ಕೆಲವು ವರದಿಗಳ ಪ್ರಕಾರ ಅದು ದಡಾರ. ಮನೆಯವರು ಬೇರೆ ಕೂದಲನ್ನು ಜೋಡಿಸಲು ಬಯಸಿ ಪ್ರವಾದಿ(ಸ)ರವರ ಬಳಿ ಅನುಮತಿ ಕೇಳಿದರು. ಕೂದಲು ಜೋಡಿಸುವವಳನ್ನೂ ಜೋಡಿಸಿಕೊಳ್ಳುವವಳನ್ನೂ ಪ್ರವಾದಿ(ಸ) ಶಪಿಸಿದರು. ಆಯಿಶಾ(ರ) ಮತ್ತು ಅಸ್ಮಾ(ರ) ಇಬ್ಬರಿಂದಲೂ ಇದು ವರದಿಯಾಗಿದೆ. ಮುಂದೆ ಮುಆವಿಯಾ(ರ) ಮದೀನಾದ ಮಿಂಬರಿನ ಮೇಲೆ ಕೂದಲಿನ ಗೊಂಚಲೊಂದನ್ನು ಕೈಯಲ್ಲಿ ಹಿಡಿದು ಈ ಪದ್ಧತಿಯ ವಿರುದ್ಧ ಎಚ್ಚರಿಸಿದರು. ಪ್ರವಾದಿ(ಸ)ರವರು ಇದನ್ನು ‘ಝೂರ್’, ಅಂದರೆ ಸುಳ್ಳು, ಎಂದು ಕರೆದಿದ್ದರೆಂದು ತಿಳಿಸಿದರು.

ಮೊದಲ ಓದಿಗೆ ಈ ಹದೀಸ್ ಕಠಿಣವೆನಿಸಬಹುದು. ಕಾಯಿಲೆಯಿಂದ ನರಳಿದ ಹೆಣ್ಣುಮಗಳಿಗೂ ವಿನಾಯಿತಿ ಇಲ್ಲವೇ? ಕರ್ಮಶಾಸ್ತ್ರ ವಿದ್ವಾಂಸರು ಇದರ ಕಾರಣವನ್ನು ಎರಡು ದಿಕ್ಕಿನಿಂದ ವಿವರಿಸಿದರು. ಒಂದು, ವಂಚನೆ: ಇಲ್ಲದ್ದನ್ನು ಇದೆಯೆಂದು ತೋರಿಸುವುದು. ಎರಡು, ಮಾನವ ದೇಹದ ಘನತೆ: ಒಬ್ಬ ಮನುಷ್ಯನ ಅಂಗವು ಇನ್ನೊಬ್ಬನ ಬಳಕೆಯ ವಸ್ತುವಾಗಬಾರದು. ಹನಫೀ ವಿದ್ವಾಂಸರು ಎರಡನೆಯ ಕಾರಣಕ್ಕೆ ಹೆಚ್ಚು ಒತ್ತು ನೀಡಿ, ಮಾನವ ಕೂದಲನ್ನು ನಿಷೇಧಿಸಿದರೂ ಉಣ್ಣೆಯಂಥವುಗಳ ಎಳೆಗಳಿಗೆ ಅವಕಾಶ ನೀಡಿದರು. ಇತರ ಮದ್‌ಹಬ್‌ಗಳಲ್ಲಿ ಇದರ ವಿವರಗಳು ಭಿನ್ನವಾಗಿವೆ.

ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಆ ಕುಟುಂಬ ಕೇಳಿದ್ದು ಮರೆಮಾಚಲು ಅನುಮತಿಯನ್ನು, ಚಿಕಿತ್ಸೆಗೆ ಅಲ್ಲ. ನಿಷೇಧ ಬಂದುದೂ ಮರೆಮಾಚುವುದಕ್ಕೆ. ಕಠಿಣ ಜ್ವರ ಬಂದ ಎರಡು ಮೂರು ತಿಂಗಳಿಗೆ ಕೂದಲು ಹೇರಳವಾಗಿ ಉದುರುವುದು ಇಂದಿನ ವೈದ್ಯರಿಗೆ ಚಿರಪರಿಚಿತ ಸಂಗತಿ. ಕಾಯಿಲೆಯ ಆಘಾತಕ್ಕೆ ಬೆಳೆಯುತ್ತಿದ್ದ ಕೂದಲುಗಳು ಒಮ್ಮೆಲೇ ವಿಶ್ರಾಂತಿಯ ಹಂತಕ್ಕೆ ಹೋಗಿ ಬಳಿಕ ಒಟ್ಟಿಗೆ ಕಳಚಿಕೊಳ್ಳುತ್ತವೆ. ಬೇರು ಜೀವಂತವಾಗಿರುವುದರಿಂದ ಸಾಮಾನ್ಯವಾಗಿ ಆರು ತಿಂಗಳೊಳಗೆ ಮರಳಿ ಬೆಳೆಯತೊಡಗುತ್ತವೆ. ಕೋವಿಡ್ ಬಂದುಹೋದ ಬಳಿಕ ಅನೇಕರು ಇದನ್ನು ಸ್ವತಃ ಅನುಭವಿಸಿದರು. ಹೆರಿಗೆಯ ಬಳಿಕ ತಾಯಂದಿರಿಗೆ ಆಗುವುದೂ ಬಹುತೇಕ ಇದೇ. ಇಂತಹ ಸಂದರ್ಭದಲ್ಲಿ ಅತ್ಯುತ್ತಮ ಔಷಧವೆಂದರೆ ತಾಳ್ಮೆ ಮತ್ತು ಪೌಷ್ಟಿಕ ಆಹಾರ.

ನರಿಯ ರೋಗ ಮತ್ತು ಇಬ್ನು ಸೀನಾ

ಕೂದಲಿನ ಚಿಕಿತ್ಸೆಯು ಇಸ್ಲಾಮೀ ಯುಗಕ್ಕಿಂತ ಬಹಳ ಹಳೆಯದು. ಕ್ರಿಸ್ತಪೂರ್ವ 1550ರ ಸುಮಾರಿನ ಈಜಿಪ್ಟಿನ ಏಬರ್ಸ್ ಪಪೈರಸ್‌ನಲ್ಲಿ ಬೋಳುತಲೆಗೆ ಸಿಂಹ, ನೀರ್ಗುದುರೆ, ಮೊಸಳೆ, ಬೆಕ್ಕು, ಹಾವು ಮುಂತಾದವುಗಳ ಕೊಬ್ಬನ್ನು ಬೆರೆಸಿ ಹಚ್ಚುವ ಮದ್ದು ಇದೆ. ಗ್ರೀಕರಲ್ಲಿ ಹಿಪೊಕ್ರೆಟಿಸ್‌ನ ಹೆಸರಿನ ಗ್ರಂಥಗಳು ಒಂದು ಮಹತ್ವದ ಸಂಗತಿಯನ್ನು ಗುರುತಿಸಿದ್ದವು: ನಪುಂಸಕರನ್ನಾಗಿ ಮಾಡಲ್ಪಟ್ಟ ಪುರುಷರ ತಲೆ ಬೋಳಾಗುವುದಿಲ್ಲ. ಈ ವೀಕ್ಷಣೆ ಸರಿಯಾಗಿತ್ತು. ಕಾರಣ ಮಾತ್ರ ಎರಡು ಸಾವಿರ ವರ್ಷಗಳಿಗೂ ಹೆಚ್ಚು ಕಾಲ ನಿಗೂಢವಾಗಿ ಉಳಿಯಿತು.

ಗ್ರೀಕರು ತೇಪೆ ತೇಪೆಯಾಗಿ ಕೂದಲು ಉದುರುವ ರೋಗಕ್ಕೆ ‘ಅಲೋಪೀಸಿಯಾ’ ಎಂದರು. ಅದು ‘ನರಿ’ ಎಂಬರ್ಥದ ಪದದಿಂದ ಬಂದುದು, ಏಕೆಂದರೆ ಕಜ್ಜಿ ತಗಲಿದ ನರಿಯ ಮೈಗೂದಲು ಹಾಗೆಯೇ ಉದುರುತ್ತದೆ. ಅಬ್ಬಾಸಿಯಾ ಕಾಲದ ಬಾಗ್ದಾದಿನಲ್ಲಿ ಹುನೈನ್ ಬಿನ್ ಇಸ್‌ಹಾಕ್‌ರಂತಹ ಅನುವಾದಕರು ಗ್ರೀಕ್ ವೈದ್ಯಗ್ರಂಥಗಳನ್ನು ಅರಬಿಗೆ ತಂದಾಗ ಈ ಹೆಸರೂ ಅರ್ಥಸಹಿತ ಬಂದು ‘ದಾಉಸ್ಸಅ್‌ಲಬ್’, ಅಂದರೆ ನರಿಯ ರೋಗ, ಎಂದಾಯಿತು. ಹಾವಿನಂತೆ ವಕ್ರವಾಗಿ ಹಬ್ಬುವ ಬಗೆಯು ‘ದಾಉಲ್ ಹಯ್ಯಾ’, ಹಾವಿನ ರೋಗ, ಎನಿಸಿತು. ಇಂದಿಗೂ ಯುನಾನಿ ಹಕೀಮರು ‘ದಾಉಸ್ಸಅ್‌ಲಬ್’ ಎಂದೂ ಆಧುನಿಕ ವೈದ್ಯರು ‘ಅಲೋಪೀಸಿಯಾ’ ಎಂದೂ ಬರೆಯುವಾಗ ಇಬ್ಬರೂ ಹೇಳುವುದು ಅದೇ ನರಿಯ ಮಾತನ್ನು.

ಈ ಪರಂಪರೆಯ ಶಿಖರವೆಂದರೆ ಇಬ್ನು ಸೀನಾ (980–1037). ಐದು ಸಂಪುಟಗಳ ‘ಅಲ್ ಕಾನೂನ್’ ಗ್ರಂಥದ ನಾಲ್ಕನೆಯ ಸಂಪುಟದಲ್ಲಿ ಅವರು ಕೂದಲು ಮತ್ತು ಚರ್ಮದ ಸೌಂದರ್ಯ ಹಾಗೂ ರೋಗಗಳಿಗೆ ಒಂದು ಪೂರ್ಣ ಭಾಗವನ್ನೇ ಮೀಸಲಿಟ್ಟರು. ಅವರ ವಿವರಣೆಯಂತೆ ದೇಹದಿಂದ ಏಳುವ ಹೊಗೆಯಂತಹ ಆವಿಯು ಚರ್ಮದ ರಂಧ್ರಗಳಲ್ಲಿ ಗಟ್ಟಿಯಾಗಿ ಕೂದಲಾಗುತ್ತದೆ. ಆ ದ್ರವ್ಯ ಕಡಿಮೆಯಾದರೆ ಅಥವಾ ರಂಧ್ರಗಳು ಕೆಟ್ಟರೆ ಕೂದಲು ಇಲ್ಲವಾಗುತ್ತದೆ. ಈ ಸಿದ್ಧಾಂತ ಇಂದು ನಿಲ್ಲುವುದಿಲ್ಲ. ಆದರೆ ಅವರು ಅನುಸರಿಸಿದ ಕ್ರಮ ಗಮನಾರ್ಹ. ಮದ್ದು ಹೇಳುವ ಮೊದಲು ಕಾರಣವನ್ನು ವಿಂಗಡಿಸಬೇಕು. ಕಾಯಿಲೆಯಿಂದ ಎದ್ದವನ ಕೂದಲಿಗೂ ವೃದ್ಧನ ಕೂದಲಿಗೂ ಒಂದೇ ಮದ್ದಲ್ಲ ಎಂಬುದು ಆ ಕ್ರಮದ ತಿರುಳು. ನರಿಯ ರೋಗದ ತೇಪೆಯ ಸುತ್ತ ಈರುಳ್ಳಿಯಿಂದ ಉಜ್ಜುವುದು ಬಹಳ ಉಪಯುಕ್ತವೆಂದೂ ಅವರು ದಾಖಲಿಸಿದ್ದಾರೆ.

ಆಶ್ಚರ್ಯವೆಂದರೆ, ಸುಮಾರು ಸಾವಿರ ವರ್ಷಗಳ ಬಳಿಕ ಬಾಗ್ದಾದಿನ ಚರ್ಮರೋಗ ತಜ್ಞರು ಈರುಳ್ಳಿ ರಸವನ್ನು ತೇಪೆ ರೋಗದ ಮೇಲೆ ಪರೀಕ್ಷಿಸಿ 2002ರಲ್ಲಿ ಫಲಿತಾಂಶ ಪ್ರಕಟಿಸಿದರು. ಈರುಳ್ಳಿ ರಸ ಹಚ್ಚಿದ 23 ಜನರಲ್ಲಿ 20 ಮಂದಿಗೆ ಆರು ವಾರಗಳಲ್ಲಿ ಕೂದಲು ಬಂದಿತ್ತು. ಬರಿಯ ನೀರು ಹಚ್ಚಿದ 15 ಜನರಲ್ಲಿ ಇಬ್ಬರಿಗೆ ಮಾತ್ರ. ಆದರೆ ಇದನ್ನು ಓದಿದ ತಕ್ಷಣ ಈರುಳ್ಳಿ ಎಣ್ಣೆಯ ಬಾಟಲಿಗಾಗಿ ಓಡುವ ಅಗತ್ಯವಿಲ್ಲ. ಅಧ್ಯಯನ ಚಿಕ್ಕದು. ತೇಪೆ ರೋಗವು ಅನೇಕರಲ್ಲಿ ತಾನಾಗಿಯೇ ವಾಸಿಯಾಗುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಆ ಪರೀಕ್ಷೆ ನಡೆದದ್ದು ನರಿಯ ರೋಗದ ಮೇಲೆ. ಬಹುಪಾಲು ಪುರುಷರಲ್ಲಿ ಕಾಣುವ ವಂಶವಾಹಿ ಬೋಳುತನದ ಮೇಲೆ ಅಲ್ಲ. ಕಾರಣವನ್ನು ವಿಂಗಡಿಸಿದ ಮೇಲೆಯೇ ಮದ್ದು ಎಂಬ ಇಬ್ನು ಸೀನಾರ ಕ್ರಮ ಇಲ್ಲಿಯೂ ನೆನಪಿರಬೇಕು.

ಕೂದಲಿನ ಬೆಲೆ

ವೈದ್ಯರು ಮದ್ದು ಹುಡುಕುತ್ತಿದ್ದಾಗ ಕರ್ಮಶಾಸ್ತ್ರ ವಿದ್ವಾಂಸರು ಇನ್ನೊಂದು ಪ್ರಶ್ನೆಯನ್ನು ಚರ್ಚಿಸುತ್ತಿದ್ದರು. ಒಬ್ಬನು ಇನ್ನೊಬ್ಬನ ತಲೆಗೂದಲನ್ನು ಮತ್ತೆ ಬೆಳೆಯದಂತೆ ನಾಶಪಡಿಸಿದರೆ ಪರಿಹಾರವೆಷ್ಟು? ಹನಫೀ ಮತ್ತು ಹಂಬಲೀ ವಿದ್ವಾಂಸರ ಪ್ರಕಾರ ಪೂರ್ಣ ದಿಯಾ, ಅಂದರೆ ಪ್ರಾಣಹಾನಿಗೆ ಕೊಡುವಷ್ಟೇ ಪರಿಹಾರಧನ. ಕೂದಲು ಮರಳಿ ಬರುವುದೋ ಎಂದು ತಿಳಿಯಲು ಹನಫಿಗಳು ಒಂದು ವರ್ಷದ ಕಾಲಾವಕಾಶವನ್ನೂ ನಿಗದಿಪಡಿಸಿದರು. ಇಮಾಮ್ ಮಾಲಿಕ್ ಮತ್ತು ಇಮಾಮ್ ಶಾಫಿಈ ಇದನ್ನು ಒಪ್ಪದೆ, ನ್ಯಾಯಾಧೀಶರು ಹಾನಿಯನ್ನು ಅಂದಾಜಿಸಿ ಪರಿಹಾರ ನಿರ್ಧರಿಸಲಿ ಎಂದರು. ನಮ್ಮ ಕರಾವಳಿಯ ಬ್ಯಾರಿಗಳು ಮತ್ತು ಭಟ್ಕಳದ ನವಾಯತರು ಅನುಸರಿಸುವುದು ಶಾಫಿಈ ಮದ್‌ಹಬನ್ನು, ಒಳನಾಡಿನ ಬಹುಪಾಲು ಮುಸ್ಲಿಮರು ಹನಫೀ ಮದ್‌ಹಬನ್ನು. ಅಭಿಪ್ರಾಯ ಯಾವುದೇ ಇರಲಿ, ಎರಡೂ ಕಡೆಯವರು ಕೂದಲಿನ ನಷ್ಟವನ್ನು ಪರಿಹಾರಕ್ಕೆ ಅರ್ಹವಾದ ನಷ್ಟವೆಂದೇ ಪರಿಗಣಿಸಿದರು. ಹನಫಿಗಳ ತರ್ಕ ಸರಳ: ಸೌಂದರ್ಯವೂ ಮನುಷ್ಯನಿಗೆ ದೊರೆತ ಒಂದು ಅನುಗ್ರಹ, ಅದನ್ನು ಪೂರ್ಣವಾಗಿ ಕಸಿದವನು ಪೂರ್ಣ ಬೆಲೆ ತೆರಬೇಕು.

ವೈದ್ಯನ ಹೊಣೆ

ಹಿಜರಿ 319ರಲ್ಲಿ, ಅಂದರೆ ಕ್ರಿ.ಶ. 931ರಲ್ಲಿ, ಬಾಗ್ದಾದಿನ ವೈದ್ಯನೊಬ್ಬನ ತಪ್ಪಿನಿಂದ ರೋಗಿಯೊಬ್ಬ ಮೃತಪಟ್ಟ ಸುದ್ದಿ ಖಲೀಫಾ ಅಲ್ ಮುಕ್ತದಿರ್‌ಗೆ ತಲುಪಿತು. ಸಿನಾನ್ ಬಿನ್ ಸಾಬಿತ್ ಎಂಬ ಹಿರಿಯ ವೈದ್ಯರು ಪರೀಕ್ಷಿಸಿ ಅನುಮತಿಪತ್ರ ನೀಡದ ಹೊರತು ಯಾರೂ ಚಿಕಿತ್ಸೆ ನಡೆಸಕೂಡದೆಂದು ಖಲೀಫಾ ಆಜ್ಞಾಪಿಸಿದರು. ಆ ನಗರವೊಂದರಲ್ಲೇ ಎಂಟುನೂರ ಅರವತ್ತಕ್ಕೂ ಹೆಚ್ಚು ಮಂದಿ ಪರೀಕ್ಷೆಗೆ ಹಾಜರಾದರೆಂದು ಇಬ್ನು ಅಬೀ ಉಸೈಬಿಅ ತಮ್ಮ ವೈದ್ಯರ ಚರಿತ್ರೆಯಲ್ಲಿ ದಾಖಲಿಸಿದ್ದಾರೆ. ಮುಂದಿನ ಶತಮಾನಗಳಲ್ಲಿ ಮಾರುಕಟ್ಟೆಯ ಮೇಲ್ವಿಚಾರಕನಾದ ‘ಮುಹ್ತಸಿಬ್’ನಿಗಾಗಿ ಕೈಪಿಡಿಗಳು ರಚನೆಯಾದವು. ಹನ್ನೆರಡನೆಯ ಶತಮಾನದ ಅಶ್ಶೈಝರೀ ಅವರ ಕೈಪಿಡಿಯಲ್ಲಿ ಅಡುಗೆಯವರು, ಬಟ್ಟೆ ವ್ಯಾಪಾರಿಗಳ ಜೊತೆಗೆ ಔಷಧ ಮಾರುವವರು, ವೈದ್ಯರು, ರಕ್ತ ತೆಗೆಯುವವರ ಮೇಲೂ ಹೇಗೆ ನಿಗಾ ಇಡಬೇಕು, ಕಲಬೆರಕೆಯನ್ನು ಹೇಗೆ ಪತ್ತೆಹಚ್ಚಬೇಕು ಎಂಬ ವಿವರಗಳಿವೆ.

ಇದರ ಮೂಲ ಪ್ರವಾದಿ(ಸ)ರವರ ಬೋಧನೆಯಲ್ಲಿಯೇ ಇದೆ. ವೈದ್ಯವಿದ್ಯೆ ತಿಳಿದವನೆಂದು ಪರಿಚಿತನಾಗಿಲ್ಲದವನು ಚಿಕಿತ್ಸೆಗೆ ಕೈಹಾಕಿದರೆ ಹಾನಿಯ ಹೊಣೆ ಅವನದೇ ಎಂಬ ಆಶಯದ ಹದೀಸನ್ನು ಅಬೂದಾವೂದ್, ನಸಾಈ ಮತ್ತು ಇಬ್ನು ಮಾಜ ವರದಿ ಮಾಡಿದ್ದಾರೆ.

ರಕ್ತದೊತ್ತಡದ ಗುಳಿಗೆಯಿಂದ ಕೂದಲ ಕಸಿಯವರೆಗೆ

ಗ್ರೀಕರ ಆ ಹಳೆಯ ವೀಕ್ಷಣೆಗೆ ಉತ್ತರ ಸಿಕ್ಕಿದ್ದು 1942ರಲ್ಲಿ. ಅಮೆರಿಕದ ಜೇಮ್ಸ್ ಹ್ಯಾಮಿಲ್ಟನ್, ಪ್ರೌಢರಾಗುವ ಮೊದಲೇ ವೃಷಣಗಳ ಕಾರ್ಯ ನಿಂತುಹೋದ ಪುರುಷರನ್ನು ಪರಿಶೀಲಿಸಿ, ಅವರ ತಲೆ ಬೋಳಾಗದಿರುವುದನ್ನು ಕಂಡರು. ಅಂಥವರಿಗೆ ಪುರುಷ ಹಾರ್ಮೋನು ಟೆಸ್ಟೋಸ್ಟಿರಾನ್ ನೀಡಿದಾಗ, ವಂಶದಲ್ಲಿ ಬೋಳುತನವಿದ್ದವರ ಕೂದಲು ಉದುರತೊಡಗಿತು. ಹಾರ್ಮೋನು ಮತ್ತು ವಂಶವಾಹಿ ಎರಡೂ ಸೇರಿದಾಗ ಈ ಬೋಳುತನ ಬರುತ್ತದೆಂಬುದು ಸ್ಪಷ್ಟವಾಯಿತು. 1974ರಲ್ಲಿ ಜೂಲಿಯಾನ್ ಇಂಪೆರಾಟೊ-ಮೆಕ್‌ಗಿನ್ಲಿ ಮತ್ತು ಸಂಗಡಿಗರು ಡೊಮಿನಿಕನ್ ಗಣರಾಜ್ಯದ ಕೆಲವು ಕುಟುಂಬಗಳ ಬಗ್ಗೆ ವರದಿ ಮಾಡಿದರು. ಅಲ್ಲಿನ ಕೆಲವು ಪುರುಷರಲ್ಲಿ ಟೆಸ್ಟೋಸ್ಟಿರಾನನ್ನು ಇನ್ನಷ್ಟು ಪ್ರಬಲವಾದ ಡಿಎಚ್‌ಟಿ ಎಂಬ ಹಾರ್ಮೋನಾಗಿ ಮಾರ್ಪಡಿಸುವ ಕಿಣ್ವದ ಕೊರತೆಯಿತ್ತು. ಅವರ ಪ್ರಾಸ್ಟೇಟ್ ಗ್ರಂಥಿ ಚಿಕ್ಕದಾಗಿತ್ತು, ಹಣೆಯ ಕೂದಲು ಹಿಂಜರಿಯುತ್ತಿರಲಿಲ್ಲ. ಆ ಕಿಣ್ವವನ್ನು ತಡೆಯುವ ಫಿನಾಸ್ಟರೈಡ್ ಎಂಬ ಗುಳಿಗೆಯನ್ನು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯು 1992ರಲ್ಲಿ ಪ್ರಾಸ್ಟೇಟ್ ತೊಂದರೆಗೂ 1997ರಲ್ಲಿ ಕಡಿಮೆ ಪ್ರಮಾಣದಲ್ಲಿ ಪುರುಷರ ಬೋಳುತನಕ್ಕೂ ಅಂಗೀಕರಿಸಿತು.

ಇನ್ನೊಂದು ಔಷಧ ದೊರೆತದ್ದು ಅನಿರೀಕ್ಷಿತವಾಗಿ. ಮಿನಾಕ್ಸಿಡಿಲ್ ಮೂಲತಃ ತೀವ್ರ ರಕ್ತದೊತ್ತಡದ ಗುಳಿಗೆ. 1979ರಲ್ಲಿ ಅದಕ್ಕೆ ಅನುಮತಿ ದೊರೆಯಿತು. ಅದನ್ನು ಸೇವಿಸಿದವರ ಮೈಮುಖದಲ್ಲಿ ಕೂದಲು ಬೆಳೆಯತೊಡಗಿದಾಗ ಕೆಲವರಿಗೆ ಅದು ತೊಂದರೆ, ವೈದ್ಯರಿಗೆ ಸುಳಿವು. ನೆತ್ತಿಗೆ ಹಚ್ಚುವ ದ್ರಾವಣವಾಗಿ ಅದು 1988ರಲ್ಲಿ ಅಮೆರಿಕದಲ್ಲಿ ಅಂಗೀಕಾರ ಪಡೆಯಿತು. ತೇಪೆ ರೋಗದ ಕಥೆ ಬೇರೆ. ದೇಹದ ರಕ್ಷಣಾ ವ್ಯವಸ್ಥೆಯೇ ಕೂದಲಿನ ಬೇರಿನ ಮೇಲೆ ದಾಳಿ ಮಾಡುವುದು ಅದರ ಕಾರಣ. ಆ ರೋಗದ ತೀವ್ರ ರೂಪಕ್ಕೆ ಬ್ಯಾರಿಸಿಟಿನಿಬ್ ಎಂಬ ಗುಳಿಗೆಯನ್ನು 2022ರಲ್ಲಿ ಅಂಗೀಕರಿಸಲಾಯಿತು.

ಕೂದಲ ಕಸಿಯ ಇತಿಹಾಸವೂ ಕುತೂಹಲಕಾರಿ. ಜಪಾನಿನ ಶೋಜಿ ಒಕುಡಾ 1939ರಲ್ಲಿ ಕಸಿ ವಿಧಾನವೊಂದನ್ನು ಪ್ರಕಟಿಸಿದ್ದರು, ಆದರೆ ಮಹಾಯುದ್ಧದ ಗದ್ದಲದಲ್ಲಿ ಹೊರಜಗತ್ತಿಗೆ ಅದು ತಿಳಿಯಲಿಲ್ಲ. ನ್ಯೂಯಾರ್ಕಿನ ನಾರ್ಮನ್ ಒರೆಂಟ್ರಿಚ್ 1952ರಲ್ಲಿ ಬೋಳುತನಕ್ಕೆ ಕಸಿ ಮಾಡಿ, 1959ರಲ್ಲಿ ಅದರ ತತ್ತ್ವವನ್ನು ವಿವರಿಸಿದರು. ತಲೆಯ ಹಿಂಭಾಗದ ಕೂದಲು ಎಲ್ಲಿ ನೆಟ್ಟರೂ ತನ್ನ ಮೂಲಗುಣವನ್ನು ಉಳಿಸಿಕೊಳ್ಳುತ್ತದೆ. ಹಾಗಾಗಿ ಮುಂದೆ ನೆಟ್ಟರೂ ಉದುರುವುದಿಲ್ಲ. ಮೊದಮೊದಲು ದಪ್ಪ ತುಣುಕುಗಳನ್ನು ನೆಡುತ್ತಿದ್ದುದರಿಂದ ತಲೆಯು ನೇಜಿ ನೆಟ್ಟ ಗದ್ದೆಯಂತೆ ಕಾಣುತ್ತಿತ್ತು. ಈಗ ಒಂದೊಂದೇ ಬೇರನ್ನು ಬಿಡಿಸಿ ನೆಡುತ್ತಾರೆ. ಆದರೆ ಯಾವ ವಿಧಾನವೂ ಹೊಸ ಕೂದಲನ್ನು ಸೃಷ್ಟಿಸುವುದಿಲ್ಲ. ಇದ್ದುದನ್ನು ಒಂದೆಡೆಯಿಂದ ಇನ್ನೊಂದೆಡೆಗೆ ಸಾಗಿಸುವುದಷ್ಟೇ ಮನುಷ್ಯನ ಕೈಲಾಗಿರುವುದು.

ಹೊಸ ಪ್ರಶ್ನೆಗೆ ಹಳೆಯ ಆಧಾರ

ಕಸಿ ಬಂದಾಗ ಮುಸ್ಲಿಮ್ ಜಗತ್ತು ಕೇಳಿದ ಪ್ರಶ್ನೆ ಸಹಜವಾಗಿತ್ತು: ಇದೂ ಅನ್ಸಾರಿ ವಧುವಿನ ಪ್ರಕರಣದಂತೆ ನಿಷಿದ್ಧವೇ? ಸೌದಿ ಅರೇಬಿಯಾದ ಶೈಖ್ ಇಬ್ನು ಉಸೈಮೀನ್ ಇದನ್ನು ಅನುಮತಿಸುತ್ತಾ ಆಧಾರವಾಗಿ ಎತ್ತಿಕೊಂಡದ್ದು ಮೂವರ ಕಥೆಯನ್ನೇ. ಕಳೆದುಹೋದುದನ್ನು ಮರಳಿಸುವುದು ಒಂದು, ಸೃಷ್ಟಿಯ ಮೇಲೆ ಸೌಂದರ್ಯಕ್ಕಾಗಿ ಹೆಚ್ಚಳ ಮಾಡುವುದು ಇನ್ನೊಂದು. ಕಸಿಯು ಮೊದಲನೆಯ ಬಗೆಗೆ ಸೇರುತ್ತದೆ ಎಂಬುದು ಅವರ ನಿಲುವು. ಅಂತಾರಾಷ್ಟ್ರೀಯ ಇಸ್ಲಾಮೀ ಫಿಕ್ಹ್ ಅಕಾಡೆಮಿಯು 2007ರಲ್ಲಿ ಮಲೇಷ್ಯಾದ ಪುತ್ರಜಯದಲ್ಲಿ ಸೇರಿದ ತನ್ನ 18ನೆಯ ಅಧಿವೇಶನದಲ್ಲಿ ಸೌಂದರ್ಯ ಶಸ್ತ್ರಚಿಕಿತ್ಸೆಯ ಕುರಿತು ನಿರ್ಣಯ ಕೈಗೊಂಡಿತು. ಸುಟ್ಟಗಾಯ, ಅಪಘಾತ, ರೋಗಗಳಿಂದ ಬಂದ ನ್ಯೂನತೆಗಳನ್ನು ಸರಿಪಡಿಸುವುದನ್ನು ಅನುಮತಿಸಿ, ಅದರ ಉದಾಹರಣೆಗಳಲ್ಲಿ ಉದುರಿದ ಕೂದಲಿನ ಕಸಿಯನ್ನೂ ಹೆಸರಿಸಿತು.

ಇದಕ್ಕೆ ಇನ್ನೊಂದು ಪೂರ್ವೋದಾಹರಣೆಯೂ ಇದೆ. ಅಜ್ಞಾನಕಾಲದ ಕುಲಾಬ್ ಯುದ್ಧದಲ್ಲಿ ಮೂಗು ಕಳಕೊಂಡಿದ್ದ ಅರ್ಫಜಾ(ರ) ಬೆಳ್ಳಿಯ ಮೂಗನ್ನು ಇಟ್ಟುಕೊಂಡಿದ್ದರು. ಅದು ದುರ್ವಾಸನೆ ಬೀರತೊಡಗಿದಾಗ, ಪುರುಷರಿಗೆ ಚಿನ್ನ ನಿಷಿದ್ಧವಾಗಿದ್ದರೂ, ಚಿನ್ನದ ಮೂಗನ್ನು ಮಾಡಿಸಿಕೊಳ್ಳುವಂತೆ ಪ್ರವಾದಿ(ಸ) ಅವರಿಗೆ ಹೇಳಿದರು.

ತನ್ನದೇ ತಲೆಯ ಕೂದಲಿನ ಕಸಿಯಲ್ಲಿ ವಧುವಿನ ಪ್ರಕರಣದ ಎರಡೂ ಕಾರಣಗಳು ಇಲ್ಲವಾಗುತ್ತವೆ. ಪರರ ದೇಹದ ಭಾಗ ಅಲ್ಲಿಲ್ಲ. ಬೇರೂರಿ ಬೆಳೆಯುವ ಕೂದಲು ಸುಳ್ಳಲ್ಲ, ನಿಜವಾದ ಕೂದಲೇ. ಗುಸ್ಲ್ ವೇಳೆ ನೀರು ನೆತ್ತಿಯ ಚರ್ಮಕ್ಕೆ ತಲುಪಲು ಅದರಿಂದ ಅಡ್ಡಿಯೂ ಇಲ್ಲ. ಅಂಟಿನಿಂದ ನೆತ್ತಿಗೆ ಅಂಟಿಸುವ ಕೂದಲ ತೇಪೆಗಳ ವಿಷಯ ಹಾಗಲ್ಲ. ಅವುಗಳಲ್ಲಿ ಮಾನವ ಕೂದಲಿನ ಪ್ರಶ್ನೆಯೂ ಇದೆ, ನೀರು ತಲುಪದಿರುವ ಪ್ರಶ್ನೆಯೂ ಇದೆ. ಇಂಥವನ್ನು ಬಳಸುವವರು ತಮ್ಮ ಊರಿನ ವಿದ್ವಾಂಸರಲ್ಲಿ ವಿಚಾರಿಸಿಯೇ ಮುಂದುವರಿಯಬೇಕು.

ಇಂದಿನ ಸಂತೆ

ಚಿಕಿತ್ಸೆ ಅನುಮತಿಸಲ್ಪಟ್ಟಿದೆ ಎಂದಾಕ್ಷಣ ಚಿಕಿತ್ಸೆಯ ಹೆಸರಿನ ಎಲ್ಲವೂ ಅನುಮತಿಸಲ್ಪಟ್ಟಂತಲ್ಲ. ಇಂದು ಮೊಬೈಲ್ ತೆರೆದರೆ ಸಾಕು, ತೊಂಬತ್ತು ದಿನಗಳಲ್ಲಿ ಬೋಳುತಲೆಯಲ್ಲಿ ದಟ್ಟ ಕೂದಲು ಎಂಬ ಜಾಹೀರಾತುಗಳು ಸಾಲುಗಟ್ಟುತ್ತವೆ. ಅವುಗಳಲ್ಲಿ ಕೆಲವು ಸುನ್ನತ್‌ನ ಹೆಸರನ್ನೂ ಹೊತ್ತಿರುತ್ತವೆ. ಕರಿಜೀರಿಗೆಯ ಕುರಿತ ಹದೀಸ್ ಬುಖಾರಿಯಲ್ಲಿದೆ, ಅದರಲ್ಲಿ ನಮಗೆ ಸಂಶಯವಿಲ್ಲ. ಆದರೆ ಇಂತಿಷ್ಟು ದಿನದಲ್ಲಿ ಬೋಳುತಲೆಯಲ್ಲಿ ಕೂದಲು ಬರುವುದೆಂದು ಆ ಹದೀಸ್ ಹೇಳಿಲ್ಲ. ಪ್ರವಾದಿ(ಸ) ಹೇಳದ್ದನ್ನು ಅವರ ಹೆಸರಿನಲ್ಲಿ ಹೇಳಿ ಹಣ ಗಳಿಸುವುದು ಕೂದಲ ವ್ಯಾಪಾರದ ತಪ್ಪಿಗಿಂತ ಎಷ್ಟೋ ದೊಡ್ಡ ಅಪರಾಧ.

ದೇಶದ ಕಾನೂನು ಕೂಡ ಇಲ್ಲಿ ಮುಹ್ತಸಿಬ್‌ನ ಸ್ಥಾನದಲ್ಲಿ ನಿಂತಿದೆ. 1945ರ ಔಷಧ ನಿಯಮಗಳ ಶೆಡ್ಯೂಲ್ ‘ಜೆ’ಯು ಯಾವ ಔಷಧವೂ ಗುಣಪಡಿಸುತ್ತೇನೆಂದು ಹೇಳಿಕೊಳ್ಳಬಾರದ ತೊಂದರೆಗಳ ಪಟ್ಟಿ. ಅದರಲ್ಲಿ ಬೋಳುತನವೂ ಇದೆ. ಕೂದಲ ಕಸಿಯನ್ನು ಅರ್ಹ ವೈದ್ಯರೇ ಮಾಡಬೇಕು, ಕಾರ್ಯಾಗಾರದಲ್ಲಿ ಅಥವಾ ಯೂಟ್ಯೂಬಿನಲ್ಲಿ ನೋಡಿ ಕಲಿತರೆ ಸಾಲದು ಎಂದು ರಾಷ್ಟ್ರೀಯ ವೈದ್ಯಕೀಯ ಆಯೋಗವು 2022ರಲ್ಲಿ ಸೂಚನೆ ಹೊರಡಿಸಿತು. ಬಾಗ್ದಾದಿನಲ್ಲಿ ಸಿನಾನ್ ಬಿನ್ ಸಾಬಿತ್ ಮಾಡಿದ್ದು ಇದನ್ನೇ ಅಲ್ಲವೇ?

ಆದ್ದರಿಂದ ಕೂದಲು ಉದುರುತ್ತಿರುವ ಸಹೋದರ ಸಹೋದರಿಯರು ಕೆಲವು ಸಂಗತಿಗಳನ್ನು ತಿಳಿದಿರುವುದು ಒಳ್ಳೆಯದು. ದಿನಕ್ಕೆ ಐವತ್ತರಿಂದ ನೂರು ಕೂದಲು ಉದುರುವುದು ಸಹಜ. ಅದಕ್ಕಿಂತ ಹೆಚ್ಚಾದರೆ ಎಣ್ಣೆ ಕೊಳ್ಳುವ ಮೊದಲು ಕಾರಣ ತಿಳಿಯಬೇಕು. ರಕ್ತಹೀನತೆ, ಥೈರಾಯ್ಡ್ ತೊಂದರೆ, ಇತ್ತೀಚಿನ ಜ್ವರ, ಹೆರಿಗೆ, ನೆತ್ತಿಯ ಸೋಂಕು ಇವುಗಳಲ್ಲಿ ಯಾವುದೂ ಕಾರಣವಾಗಿರಬಹುದು. ಮೂಲವನ್ನು ಸರಿಪಡಿಸಿದರೆ ಕೂದಲು ಮರಳುವ ಸಾಧ್ಯತೆಯಿದೆ. ವಂಶವಾಹಿ ಬೋಳುತನವಾದರೆ ಮಿನಾಕ್ಸಿಡಿಲ್‌ನ ಪರಿಣಾಮ ಕಾಣಲು ಕೆಲವು ತಿಂಗಳುಗಳೇ ಬೇಕು, ನಿಲ್ಲಿಸಿದರೆ ಬಂದ ಕೂದಲೂ ಹೋಗುತ್ತದೆ. ಫಿನಾಸ್ಟರೈಡ್ ವೈದ್ಯರ ಸಲಹೆಯಿಲ್ಲದೆ ಸೇವಿಸುವಂಥದ್ದಲ್ಲ; ಕೆಲವರಲ್ಲಿ ಲೈಂಗಿಕ ತೊಂದರೆ ಹಾಗೂ ಮಾನಸಿಕ ಖಿನ್ನತೆ ವರದಿಯಾಗಿದೆ, ಗರ್ಭಿಣಿಯರು ಅದನ್ನು ಸೇವಿಸಲೇಬಾರದು. ಕಸಿಯು ಶಸ್ತ್ರಚಿಕಿತ್ಸೆಯೇ ಹೊರತು ಕ್ಷೌರವಲ್ಲ. ಯುನಾನಿಯಲ್ಲಿ ವಿಶ್ವಾಸವಿಟ್ಟವರು ಬೀದಿಬದಿಯ ಡೇರೆಗೆ ಹೋಗದೆ ಪದವಿ ಪಡೆದ ಹಕೀಮರ ಬಳಿಗೇ ಹೋಗಲಿ. ರಾಷ್ಟ್ರೀಯ ಯುನಾನಿ ಸಂಸ್ಥೆಯೂ ಅದರ ಆಸ್ಪತ್ರೆಯೂ ನಮ್ಮ ಬೆಂಗಳೂರಿನಲ್ಲೇ ಇವೆ. ಸಾಲ ಮಾಡಿ, ಕಡ್ಡಾಯ ಹೊಣೆಗಳನ್ನು ಬದಿಗಿಟ್ಟು ಕೂದಲಿಗಾಗಿ ಖರ್ಚು ಮಾಡುವುದು ಮಾತ್ರ ವಿವೇಕವಲ್ಲ.

ಹೆಣ್ಣು ನೋಡಲು, ಗಂಡು ನೋಡಲು ಹೋಗುವ ಕುಟುಂಬಗಳೂ ತಮ್ಮ ನೋಟವನ್ನು ಪರಿಶೀಲಿಸಿಕೊಳ್ಳಬೇಕು. ಹದೀಸಿನ ಬೋಳುತಲೆಯವನನ್ನು ನೋಯಿಸಿದ್ದು ಅವನ ತಲೆಯಲ್ಲ, ಜನರ ಅಸಹ್ಯ. ಕೂದಲಿನ ಔಷಧ ಎಲ್ಲರಿಗೂ ಫಲಿಸದು. ನೋಟದ ಔಷಧ ಮಾತ್ರ ಪ್ರತಿಯೊಬ್ಬರ ಕೈಯಲ್ಲಿದೆ.

ಹಜ್ಜ್‌ನಲ್ಲಿ ಲಕ್ಷಾಂತರ ಪುರುಷರು ತಲೆ ಬೋಳಿಸಿಕೊಳ್ಳುವ ದಿನವೊಂದಿದೆ. ಬೋಳಿಸಿಕೊಂಡವರಿಗಾಗಿ ಪ್ರವಾದಿ(ಸ) ಪದೇ ಪದೇ ಪ್ರಾರ್ಥಿಸಿದರು, ಕತ್ತರಿಸಿಕೊಂಡವರಿಗಾಗಿ ಕೊನೆಯಲ್ಲೊಮ್ಮೆ ಪ್ರಾರ್ಥಿಸಿದರು. ಕೂದಲೇ ಇಲ್ಲದವನು ಬರಿಯ ತಲೆಯ ಮೇಲೆ ಕ್ಷೌರದ ಕತ್ತಿಯನ್ನು ಹಾಯಿಸಿಕೊಳ್ಳಲಿ ಎಂದು ವಿದ್ವಾಂಸರು ಹೇಳಿದರು. ಆ ಪುಣ್ಯಕರ್ಮದಿಂದ ಅವನೂ ಹೊರಗುಳಿಯದಿರಲಿ ಎಂಬುದು ಅದರ ಭಾವ. ಮಿನಾದಲ್ಲಿ ಆ ದಿನ ರಾಜನ ತಲೆಯೂ ಕೂಲಿಕಾರನ ತಲೆಯೂ ಒಂದೇ. ಕೂದಲು ಅಲ್ಲಾಹನು ಕೊಟ್ಟ ಅನುಗ್ರಹ. ಅದು ಉಳಿದರೆ ಗೌರವಿಸೋಣ, ಹೋದರೆ ಸತ್ಯದ ಹಾದಿಯಲ್ಲಿ ಚಿಕಿತ್ಸೆ ಹುಡುಕೋಣ, ಮರಳಿದರೆ ಕೃತಜ್ಞರಾಗೋಣ, ಮರಳದಿದ್ದರೆ ಉಮರ್(ರ)ರಂತೆ ತಲೆಯೆತ್ತಿ ನಡೆಯೋಣ. ರೋಗಿಗಳಿಗೆ ಶಮನವನ್ನೂ ವೈದ್ಯರಿಗೆ ಪ್ರಾಮಾಣಿಕತೆಯನ್ನೂ ನಮ್ಮೆಲ್ಲರ ನೋಟಕ್ಕೆ ಕರುಣೆಯನ್ನೂ ಅಲ್ಲಾಹನು ಅನುಗ್ರಹಿಸಲಿ. ಆಮೀನ್.